ಐದನೇ ದಿನದ ಹಾಲು

ಬಂಟ್ವಾಳ
12 ಫೆಬ್ರವರಿ 2025

ತ್ರಿಶಾ,

ಕ್ಷೇಮ ಸಮಾಚಾರದಿಂದ ಪತ್ರ ಶುರುಮಾಡಬೇಕು ಎಂದು ಶಾಲೆಯಲ್ಲಿ ಕಲಿಸಿದ್ದಾರೆ. ಹೇಳಿಕೊಳ್ಳುವಂಥ ಕ್ಷೇಮ ಏನೂ ಇಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ವಾಂತಿಯಾಗಿದೆ, ಇನ್ನೊಂದು ಗಂಟಲಲ್ಲಿ ಬಂದು ನಿಂತಿದೆ. ನಾಲ್ಕು ತಿಂಗಳು ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಈಗ ಐದು ನಡೆಯುತ್ತಿದೆ.

ನಿನ್ನ ಅತ್ತೆ ನಿನ್ನ ಫೋನನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ್ದಾರೆ ಎಂದು ನಿನ್ನ ಗಂಡ ಶ್ರೇಯಾಂಸ್ ಹೇಳಿದರು. ಫೋನಿನ ಕಿರಣ ಹೊಟ್ಟೆಯ ಮಗುವಿನ ತಲೆಗೆ ತಾಗುತ್ತದಂತೆ. ಭಾನುವಾರ ಮಾತ್ರ ಹತ್ತು ನಿಮಿಷ, ಅದೂ ಸ್ಪೀಕರ್ ಹಾಕಿ, ಅವರ ಎದುರಿಗೆ. ಆ ಹತ್ತು ನಿಮಿಷದಲ್ಲಿ ನಾವಿಬ್ಬರೂ ಊಟ ಆಯ್ತಾ, ಸೆಕೆ ಉಂಟಾ ಎಂದು ಮಾತಾಡುವುದು ಕೇಳಿದರೆ ಮೂರು ವರ್ಷ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು ಎಂದು ಯಾರೂ ನಂಬಲಿಕ್ಕಿಲ್ಲ. ಅದಕ್ಕೇ ಈ ಕಾಗದ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಸಂಬಳ ತೆಗೆದುಕೊಳ್ಳುವವಳಿಗೆ ಕಾಗದ ಬರೆಯಲು ಏನು ಕಷ್ಟ. ನಿನ್ನ ಅತ್ತೆಗೆ ಕಾಗದದ ಮೇಲೆ ಗೌರವ ಇದೆಯಂತೆ, ಒಡೆದು ಓದುವುದಿಲ್ಲವಂತೆ.

ಇಲ್ಲಿ ನನಗೆ ಎಲ್ಲವೂ ಹೇಸಿಗೆ. ಸ್ಟ್ಯಾಂಪಿನ ಅಂಟು ತೇವ ಮಾಡಲು ಒದ್ದೆ ಸ್ಪಂಜು ಇಟ್ಟಿದ್ದೇನೆ, ಜನ ಅದನ್ನು ಬಿಟ್ಟು ಸ್ಟ್ಯಾಂಪನ್ನು ನಾಲಗೆಗೆ ಒರೆಸುತ್ತಾರೆ. ಮೊನ್ನೆ ಒಬ್ಬರು ಎಲೆ ಅಡಿಕೆ ಜಗಿಯುತ್ತಲೇ ನೆಕ್ಕಿ ಅಂಟಿಸಿದರು. ಲಕೋಟೆಯ ಮೂಲೆಯಲ್ಲಿ ಕೆಂಪು ರಸ ಇಳಿದಿತ್ತು, ಅದರ ಮೇಲೆ ನಾನು ಮುದ್ರೆ ಒತ್ತಬೇಕಿತ್ತು. ಎದ್ದು ಹೋಗಿ ಕಕ್ಕಿ ಬಂದೆ. ಸರದಿಯಲ್ಲಿ ನಿಂತ ಹೆಂಗಸರಂತೂ ಕೇಳದೆ ಕೈ ಚಾಚಿ ಹೊಟ್ಟೆ ಮುಟ್ಟುತ್ತಾರೆ, ಗಂಡು ಎನ್ನುತ್ತಾರೆ, ಹೆಣ್ಣು ಎನ್ನುತ್ತಾರೆ. ಮೀನು ಮುಟ್ಟಿದ ಕೈ ಯಾವುದು ಎಂದು ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತದೆ.

ಒಂದು ಒಪ್ಪಂದ ಮಾಡಿಕೊಳ್ಳುವ. ಉಳಿದವರೆಲ್ಲ ನಮಗೆ ಸಮಾಧಾನ ಹೇಳಲಿಕ್ಕೆ ಇದ್ದಾರೆ, ನಾವಿಬ್ಬರು ಒಬ್ಬರಿಗೊಬ್ಬರು ನಿಜ ಮಾತ್ರ ಬರೆಯುವ. ನೀನು ನನಗಿಂತ ಎರಡೂವರೆ ತಿಂಗಳು ಮುಂದೆ ಇದ್ದೀ, ಹಾಗಾಗಿ ಮೊದಲ ಪ್ರಶ್ನೆ ನಿನಗೆ. ಹೆರುವಾಗ ಉಸಿರು ಬಿಗಿಹಿಡಿದು ಮುಕ್ಕುವ ಭರದಲ್ಲಿ ಹೇಲೂ ಹೋಗುತ್ತದೆ ಎಂದು ಕೇಳಿದ್ದೇನೆ. ಹೌದಾ? ಡಾಕ್ಟರು, ನರ್ಸು ಎಲ್ಲರ ಎದುರಿಗಾ? ನನಗೆ ನೋವಿನ ಹೆದರಿಕೆಗಿಂತ ಇದೇ ದೊಡ್ಡದಾಗಿದೆ.

ನಿನ್ನ,
ಪ್ರಾಪ್ತಿ


ಮೂಡುಬಿದಿರೆ
25 ಫೆಬ್ರವರಿ 2025

ಪ್ರೀತಿಯ ಪ್ರಾಪ್ತಿ,

ನಿನ್ನ ಕಾಗದ ಓದಿ ಬಾಯಿಗೆ ಸೆರಗು ತುರುಕಿ ನಕ್ಕೆ. ಅತ್ತೆ ಬಾಗಿಲ ಹೊರಗಿನಿಂದ ಏನಾಯಿತು ಎಂದು ಕೇಳಿದರು, ಕೆಮ್ಮು ಎಂದೆ. ಅದಕ್ಕೆ ಈಗ ದಿನಕ್ಕೆರಡು ಲೋಟ ಕಷಾಯ ಕುಡಿಯುತ್ತಿದ್ದೇನೆ. ತಪ್ಪು ನಿನ್ನದು.

ನಿನ್ನ ಪ್ರಶ್ನೆಯನ್ನು ತಪಾಸಣೆಗೆ ಹೋದಾಗ ಅಲ್ಲಿಯ ನರ್ಸನ್ನು ಕೇಳಿಯೇ ಬಿಟ್ಟೆ. ಹೌದಂತೆ, ಹೆಚ್ಚಿನವರಿಗೆ ಹೋಗುತ್ತದಂತೆ. ಅವರು ಒರೆಸಿ ಮುಂದಿನ ಕೆಲಸ ನೋಡುತ್ತಾರಂತೆ. ಹೋದರೆ ಸರಿಯಾಗಿ ಮುಕ್ಕುತ್ತಿದ್ದಾಳೆ ಎಂದು ಲೆಕ್ಕ ಎಂದು ಹೇಳಿ ನಕ್ಕರು. ಹಾಗಾಗಿ ಆ ಹೆದರಿಕೆಯನ್ನು ಬಿಡು. ನಾನು ಬಿಟ್ಟಿದ್ದೇನೆ, ಅರ್ಧ.

ಬಾಣಂತನ ಇಲ್ಲಿಯೇ, ಅತ್ತೆಯ ಮನೆಯಲ್ಲಿ. ಅಮ್ಮ ತೀರಿಕೊಂಡ ಮೇಲೆ ವೇಣೂರಿನ ಮನೆಯಲ್ಲಿ ಅಪ್ಪ ಒಬ್ಬರೇ. ಅವರಿಗೆ ಚಹಾ ಮಾಡಲು ಬರುತ್ತದೆ, ಅಷ್ಟೆ. ಅತ್ತೆ ಕೆಟ್ಟವರಲ್ಲ, ಪ್ರಾಪ್ತಿ. ಅನಂತಮತಿಯಮ್ಮ ಎಂದರೆ ಇಲ್ಲಿಯ ಬಸದಿಗೆ ಬರುವವರೆಲ್ಲ ಎದ್ದು ನಿಲ್ಲುತ್ತಾರೆ. ಬೆಳ್ಳುಳ್ಳಿ ಹಾಕದೆ ಬಾಣಂತಿ ಮದ್ದು ಮಾಡುವ ಕ್ರಮ ನಮ್ಮವರಲ್ಲಿ ಅವರಿಗೇ ಸರಿಯಾಗಿ ಗೊತ್ತಿರುವುದಂತೆ. ಈಗಲೇ ಎರಡು ಡಬ್ಬಿ ತುಂಬಿಸಿದ್ದಾರೆ. ಅವರಿಗೆ ಎಲ್ಲದಕ್ಕೂ ಒಂದು ಉತ್ತರ ಇದೆ, ನನಗೆ ಕೇಳುವ ಧೈರ್ಯ ಕಡಿಮೆ.

ನನ್ನನ್ನೂ ಮಗುವನ್ನೂ ಮೀಯಿಸಲು ಲೋಲಾಕ್ಷಿ ಎನ್ನುವ ಹೆಂಗಸಿಗೆ ಹೇಳಿದ್ದಾರೆ. ಇಲ್ಲಿಯ ಅರ್ಧ ಪೇಟೆಯ ಮಕ್ಕಳನ್ನು ಅವಳೇ ಮೀಯಿಸಿದ್ದು. ಅರವತ್ತು ದಾಟಿದೆ, ಕೈ ಮಾತ್ರ ಗಟ್ಟಿ. ನಿನ್ನೆ ಬಂದು ಬಚ್ಚಲು, ಹಂಡೆ ಎಲ್ಲ ನೋಡಿ ಹೋದಳು. ಹೋಗುವ ಮೊದಲು ಒಂದು ವಿಷಯ ಹೇಳಿದಳು. ಹುಟ್ಟಿದ ಮಗುವಿನ ಎದೆಯಲ್ಲಿ ಐದನೇ ದಿನಕ್ಕೆ ಹಾಲು ತುಂಬುತ್ತದಂತೆ, ಗಂಡಾದರೂ ಹೆಣ್ಣಾದರೂ. ಅದನ್ನು ಒತ್ತಿ ತೆಗೆಯಬೇಕಂತೆ. ಬಿಟ್ಟರೆ ಒಳಗೆ ಕೀವಾಗುತ್ತದೆ, ಹೆಣ್ಣಾದರೆ ಮುಂದೆ ಎದೆ ಸರಿಯಾಗಿ ಬೆಳೆಯುವುದಿಲ್ಲ ಎಂದಳು. ಅತ್ತೆ ಹೌದು ಹೌದು ಎಂದರು.

ನನಗೆ ಅದು ಸರಿ ಕಾಣಲಿಲ್ಲ. ಶ್ರೇಯಾಂಸ್ ಡಾಕ್ಟರನ್ನು ಕೇಳು ಎನ್ನುತ್ತಾರೆ. ಡಾಕ್ಟರು ಗಂಡಸು, ಇಂಥದ್ದನ್ನು ಹೇಗೆ ಕೇಳಲಿ? ನಿನ್ನ ಅಮ್ಮನನ್ನು ಒಮ್ಮೆ ಕೇಳಿ ಬರೆಯುತ್ತೀಯಾ? ಕುಸುಮಮ್ಮ ಹೇಳಿದರೆ ನನಗೆ ಧೈರ್ಯ. ನನಗೆ ಕೇಳಲಿಕ್ಕೆ ಅಮ್ಮ ಇಲ್ಲ ಎನ್ನುವುದು ಈ ತಿಂಗಳುಗಳಲ್ಲಿ ಗೊತ್ತಾಗುವ ಹಾಗೆ ಯಾವತ್ತೂ ಗೊತ್ತಾಗಿರಲಿಲ್ಲ.

ನಿನ್ನ ಉತ್ತರಕ್ಕೆ ಕಾಯುವ,
ತ್ರಿಶಾ


ಬಂಟ್ವಾಳ
10 ಮಾರ್ಚ್ 2025

ತ್ರಿಶಾ,

ಭಾನುವಾರ ಪೊಳಲಿಗೆ, ಅಮ್ಮನ ಮನೆಗೆ ಹೋಗಿದ್ದೆ. ವಾಂತಿ ಕಡಿಮೆಯಾಗಿದೆ, ಬದಲಿಗೆ ಬಾಯಲ್ಲಿ ಸದಾ ನೀರು ತುಂಬುತ್ತದೆ. ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಉಗುಳುತ್ತಾ ಹೋದೆ. ಪಕ್ಕದ ಸೀಟಿನವರು ಎದ್ದು ಹೋದರು. ನಾನಾದರೂ ಎದ್ದು ಹೋಗುತ್ತಿದ್ದೆ.

ನಿನ್ನ ಪ್ರಶ್ನೆ ಕೇಳಿದೆ. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಎಲ್ಲರಿಗೂ ಮಾಡುವುದೇ, ನಿನಗೂ ಮಾಡಿದ್ದು ಎಂದರು. ಏನಾದರೂ ಆಗುತ್ತದಾ ಎಂದೆ. "ಎಂತ ಆಗ್ಲಿಕ್ಕೆ ಉಂಟು? ನೀನು ಈಗ ಸರಿ ಇಲ್ವಾ?" ಎಂದರು. ಆಮೇಲೆ ಬಿಸಿಲು ಹೋಗುತ್ತದೆ, ಮಾತಾಡಿಸಬೇಡ ಎಂದು ನನ್ನನ್ನು ಒಳಗೆ ಕಳಿಸಿದರು.

ನಿಜ ಹೇಳಬೇಕೆಂದರೆ ಕೇಳುವಾಗಲೇ ನನಗೆ ಅಸಹ್ಯವಾಯಿತು. ಐದು ದಿನದ ಕೂಸಿನ ಎದೆ ಹಿಂಡಿ ಹಾಲು ತೆಗೆಯುವುದು ಎಂದರೆ ಎಂಥ ಬುದ್ಧಿ. ಆದರೆ ಅಸಹ್ಯವಾದದ್ದೆಲ್ಲ ಕೆಟ್ಟದ್ದಲ್ಲವಲ್ಲ. ನನಗೆ ಈಗ ಅನ್ನ ಬೇಯುವ ವಾಸನೆಯೂ ಅಸಹ್ಯ. ನಮ್ಮ ಅಮ್ಮಂದಿರು, ಅಜ್ಜಿಯಂದಿರು ಮಾಡಿಕೊಂಡು ಬಂದದ್ದು, ನಾವೆಲ್ಲ ಅದರಿಂದಲೇ ದಾಟಿ ಬಂದವರು. ಏನೂ ಆಗುವುದಿಲ್ಲ. ಮಾಡಲಿ ಬಿಡು. ಇದೊಂದಕ್ಕೆ ಅತ್ತೆಯ ಹತ್ತಿರ ಜಗಳ ಮಾಡಿ ಬಾಣಂತನದ ನಲವತ್ತು ದಿನ ಮುಖ ಊದಿಸಿಕೊಂಡು ಕೂರಬೇಡ. ಜಗಳಕ್ಕೆ ಇನ್ನೂ ದೊಡ್ಡ ಕಾರಣಗಳು ಬರುತ್ತವೆ.

ಹೆರಿಗೆಗೂ ಹೆದರಬೇಡ. ನೀನು ನೋವು ತಡೆಯುವವಳು. ಹಾಸ್ಟೆಲಿನಲ್ಲಿ ಹಲ್ಲುನೋವು ಇಟ್ಟುಕೊಂಡು ಪರೀಕ್ಷೆ ಬರೆದು, ಮುಗಿದ ಮೇಲೆ ಹೋಗಿ ಕೀಳಿಸಿಕೊಂಡವಳಲ್ಲವಾ. ಮಸ್ಕತ್ತಿನಿಂದ ಜಿತೇಶ್ ಕೂಡ ನಿನ್ನನ್ನು ಕೇಳಿದರು. ಅವರು ದಿನಾ ವಿಡಿಯೋದಲ್ಲಿ ನನ್ನ ಹೊಟ್ಟೆ ತೋರಿಸು ಎನ್ನುತ್ತಾರೆ. ನನಗೆ ಅದೂ ಆಗುವುದಿಲ್ಲ, ಆದರೆ ಗಂಡನಿಗೆ ಹಾಗೆ ಹೇಳಲಾಗುತ್ತದಾ?

ಧೈರ್ಯದಿಂದಿರು.
ಪ್ರಾಪ್ತಿ


ಬಂಟ್ವಾಳ
16 ಮೇ 2025

ತ್ರಿಶಾ,

ಮೂರನೇ ತಾರೀಕು ಹೆಣ್ಣು ಮಗು, ಸಹಜ ಹೆರಿಗೆ ಎಂದು ಶ್ರೇಯಾಂಸ್ ಸುದ್ದಿ ಕಳಿಸಿದ ದಿನ ಕೌಂಟರಿಗೆ ಬಂದವರಿಗೆಲ್ಲ ಮಿಠಾಯಿ ಕೊಟ್ಟೆ. ಯಾರ ಮಗು ಎಂದು ಕೇಳಿದರು, ನನ್ನದೇ ಎಂದೆ. ಹೊಟ್ಟೆ ನೋಡಿ ತಬ್ಬಿಬ್ಬಾದರು.

ನನಗೆ ಬಯಕೆ ಶಾಸ್ತ್ರ ಮಾಡಿದರು. ತಲೆಯ ಮೇಲೆ ಮೂರು ಮೊಳ ಅಬ್ಬಲಿಗೆ ಹೂ, ಮೈಮೇಲೆ ಸೆಕೆಗೆ ಅಂಟುವ ರೇಷ್ಮೆ ಸೀರೆ. ನಲವತ್ತು ಹೆಂಗಸರು ಸರದಿಯಲ್ಲಿ ಬಂದು ತಮ್ಮ ಕೈಯಿಂದಲೇ ನನ್ನ ಬಾಯಿಗೆ ಸಿಹಿ ತುರುಕಿದರು. ಒಬ್ಬರ ಉಂಗುರ ನನ್ನ ಹಲ್ಲಿಗೆ ತಾಗಿತು. ಅದೇ ಉಂಗುರ ಅದಕ್ಕೆ ಮೊದಲು ಎಷ್ಟು ಕಡೆ ತಾಗಿತ್ತೋ. ಫೋಟೋದಲ್ಲಿ ನಾನು ನಗುತ್ತಿದ್ದೇನೆ. ನಗುವಲ್ಲ, ಹಲ್ಲು ಕಚ್ಚಿ ಹಿಡಿದದ್ದು, ಬಾಯಿ ತೆರೆದರೆ ವಾಂತಿ ಹೊರಗೆ ಬರುತ್ತಿತ್ತು.

ಮಗು ಯಾರ ಹಾಗೆ ಇದೆ? ಹಾಲು ಸರಿಯಾಗಿ ಕುಡಿಯುತ್ತಾಳಾ? ಹೊಕ್ಕುಳಬಳ್ಳಿ ಬಿದ್ದಿತಾ? ಬಿದ್ದದ್ದನ್ನು ನೀನು ಮುಟ್ಟಿದೆಯಾ? ಹಸಿ ಬಾಣಂತಿಗೆ ಬರೆಯಲು ಪುರುಸೊತ್ತಿರುವುದಿಲ್ಲ ಎಂದು ಗೊತ್ತು. ಎರಡು ಸಾಲು ಸಾಕು.

ಪ್ರಾಪ್ತಿ


ಬಂಟ್ವಾಳ
1 ಜೂನ್ 2025

ತ್ರಿಶಾ,

ಇವತ್ತು ಭಾನುವಾರದ ಕರೆಗೆ ನಿನ್ನ ಅತ್ತೆ ಸಿಕ್ಕಿದರು. ನೀನು ಮಲಗಿದ್ದೀ ಎಂದರು. ಮಗು ಆರಾಮ, ಸ್ವಲ್ಪ ಉಷ್ಣವಾಗಿತ್ತು, ಈಗ ಕಡಿಮೆ ಎಂದರು. ಕಳೆದ ಭಾನುವಾರವೂ ನೀನು ಮಲಗಿದ್ದೆ. ಅದರ ಹಿಂದಿನ ಭಾನುವಾರ ಯಾರೂ ಎತ್ತಲಿಲ್ಲ. ಶ್ರೇಯಾಂಸ್ ನನ್ನ ಮೆಸೇಜು ನೋಡುತ್ತಾರೆ, ಉತ್ತರ ಕೊಡುವುದಿಲ್ಲ.

ನಿಜ ಮಾತ್ರ ಬರೆಯುವುದು ಎಂದು ಮಾತಾಗಿತ್ತು. ಏನಾಗಿದೆ?

ಪ್ರಾಪ್ತಿ


ಮೂಡುಬಿದಿರೆ
8 ಜೂನ್ 2025

ಪ್ರಾಪ್ತಿ,

ನಿಜ ಬೇಕು ಎಂದೆಯಲ್ಲ. ಬರೆಯುತ್ತೇನೆ.

ಐದನೇ ದಿನ ಮಗುವಿನ ಎದೆ ಎರಡೂ ಕಡೆ ಅಡಿಕೆಯಷ್ಟು ಊದಿತ್ತು. ಲೋಲಾಕ್ಷಿ ಕಾಲು ನೀಡಿ ಕೂತು, ಮಗುವನ್ನು ಕಾಲಿನ ಮೇಲೆ ಮಲಗಿಸಿ, ಹೆಬ್ಬೆರಳಿಗೆ ಬಿಸಿ ತೆಂಗಿನೆಣ್ಣೆ ಹಚ್ಚಿ ಒತ್ತಿದಳು. ಬಿಳಿ ಹನಿ ಬಂತು. ಅತ್ತೆ ಬಗ್ಗಿ ನೋಡಿ, ಬಂತು ಬಂತು ಎಂದು ಸಂತೋಷಪಟ್ಟರು. ಮಗು ಅತ್ತದ್ದು ಹಸಿವಿನ ಅಳುವಲ್ಲ. ಮೂರು ದಿನ ಹೀಗೆ ಒತ್ತಿದರು. ನಾನು ಮೈತುಂಬ ಎಣ್ಣೆ ಹಚ್ಚಿಕೊಂಡು ಅಲ್ಲೇ ಮಣೆಯ ಮೇಲೆ ಕೂತು ನೋಡಿದೆ.

ಎಂಟನೇ ದಿನ ಎಡಗಡೆ ಕೆಂಪಾಯಿತು. ಅತ್ತೆ ಅರಸಿನ, ಗಂಧ ತೇದು ಹಚ್ಚಿದರು. ಹತ್ತನೇ ದಿನ ಮೈ ಸುಡುತ್ತಿತ್ತು, ಮಗು ಹಾಲಿಗೆ ಬಾಯಿ ತೆರೆಯಲಿಲ್ಲ. ಶ್ರೇಯಾಂಸ್ ಯಾರನ್ನೂ ಕೇಳದೆ ಕಾರು ತೆಗೆದರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು. ನನ್ನ ಮಗಳ ಮೈಯಿಂದ ಅಂಥ ವಾಸನೆ ಬಂತು, ಪ್ರಾಪ್ತಿ. ಹತ್ತು ದಿನದ ಮಗುವಿನ ಮೈಯಿಂದ. ಈಗಲೂ ನನ್ನ ಕೈಯನ್ನು ಮೂಗಿನ ಹತ್ತಿರ ತಂದರೆ ಅದೇ ವಾಸನೆ. ಊಟ ಸೇರುವುದಿಲ್ಲ. ಬಾಣಂತಿ ಮದ್ದನ್ನು ಬಚ್ಚಲಿಗೆ ಚೆಲ್ಲುತ್ತೇನೆ. ಏಳು ದಿನ ಇಂಜೆಕ್ಷನ್ ಕೊಟ್ಟರು, ಆ ಸಣ್ಣ ಕೈಯಲ್ಲಿ ಸೂಜಿ ಚುಚ್ಚಲು ಜಾಗ ಮುಗಿದು ಕಾಲಿಗೆ ಬಂದರು.

ಅಲ್ಲಿಯ ಡಾಕ್ಟರಮ್ಮ ಹೇಳಿದ್ದು ಇಷ್ಟೆ. ಹುಟ್ಟಿದ ಮಗುವಿನ ಎದೆ ಊದುವುದು ತಾಯಿಯ ರಕ್ತದಿಂದ ಬಂದ ಅಂಶದಿಂದ. ಅದಕ್ಕೆ ಏನೂ ಮಾಡಬಾರದು. ಮುಟ್ಟದೆ ಬಿಟ್ಟರೆ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಯಾರು ಒತ್ತಿದ್ದು ಎಂದು ಕೇಳಿದರು. ಅತ್ತೆ ಮುಂದೆ ಬಂದು, ಯಾರೂ ಒತ್ತಿಲ್ಲ, ಇವಳು ಹೇಳಿದರೂ ಕೇಳದೆ ಮಾವಿನಹಣ್ಣು ತಿಂದಿದ್ದಳು, ಅದರ ಉಷ್ಣ ಎಂದರು. ನಾನು ಮಾವಿನಹಣ್ಣು ಮುಟ್ಟಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆಯಾಗುವುದು ಇದಕ್ಕೆ.

ಇವಳು ದೊಡ್ಡವಳಾದಾಗ ಆ ಕಡೆ ಸರಿಯಾಗಿ ಬೆಳೆಯುತ್ತದಾ ಎಂದು ಆಮೇಲೆ ಒಬ್ಬಳೇ ಹೋಗಿ ಕೇಳಿದೆ. ಈಗಲೇ ಹೇಳಲಿಕ್ಕಾಗುವುದಿಲ್ಲ ಎಂದರು.

ಇನ್ನೊಂದು ವಿಷಯ. ಐದನೇ ದಿನ ಶ್ರೇಯಾಂಸ್ ಬಚ್ಚಲಿನ ಬಾಗಿಲಲ್ಲಿ ನಿಂತು, ಬೇಡ, ಮೊದಲು ಡಾಕ್ಟರನ್ನು ಕೇಳುವ ಎಂದಿದ್ದರು. ನಾನೇ ಒಳಗೆ ಕಳಿಸಿ ದಿಂಬಿನಡಿಯಿದ್ದ ನಿನ್ನ ಕಾಗದ ಓದಿಸಿದೆ. ಏನೂ ಆಗುವುದಿಲ್ಲ, ಮಾಡಲಿ ಬಿಡು ಎಂದು ನೀನು ಬರೆದದ್ದು. ಅವರು ಓದಿ, ಕಾಗದ ಮಡಚಿ ಕೊಟ್ಟು ಹೊರಗೆ ಹೋದರು.

ನಿನ್ನ ತಪ್ಪಲ್ಲ ಎಂದು ಬರೆಯಬೇಕು ಎಂದು ಮೂರು ದಿನದಿಂದ ಕೂತಿದ್ದೇನೆ. ಬರೆಯಲು ಆಗುತ್ತಿಲ್ಲ. ಸದ್ಯಕ್ಕೆ ನನಗೆ ಬರೆಯಬೇಡ.

ತ್ರಿಶಾ


ಪೊಳಲಿ
29 ಜುಲೈ 2025

ತ್ರಿಶಾ,

ಬರೆಯಬೇಡ ಎಂದಿದ್ದೆ. ಐವತ್ತು ದಿನ ಬರೆಯಲಿಲ್ಲ. ಇದನ್ನು ಬರೆಯದೆ ಇದ್ದರೆ ನಾನು ಮನುಷ್ಯಳೇ ಅಲ್ಲ. ಓದಿ ಹರಿದು ಹಾಕು, ಆದರೆ ಪೂರ್ತಿ ಓದು.

ಹದಿನೇಳನೇ ತಾರೀಕು ನನಗೆ ಗಂಡು ಮಗುವಾಯಿತು. ಹೆರಿಗೆಯ ಮೇಜಿನ ಮೇಲೆ ನರ್ಸು ಹೇಳಿದ ಹಾಗೆಯೇ ಎಲ್ಲವೂ ಹೋಯಿತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಅಲ್ಲಿ ನೀನು ಬರೆದದ್ದು ನೆನಪಾಯಿತು, ಧೈರ್ಯವೂ ಬಂತು. ನಾನು ನಿನಗೆ ಬರೆದದ್ದೂ ನೆನಪಾಯಿತು.

ಮೂರನೇ ದಿನ ಹಾಲು ಬಂತು, ಬಲಗಡೆ ಮಾತ್ರ. ಎಡಗಡೆ ಒಂದು ಹನಿ ಇಲ್ಲ. ನರ್ಸು ಹಿಡಿದು ನೋಡಿ, ಇಲ್ಲಿ ಯಾವ ಆಪರೇಷನ್ನಿನ ಕಲೆ ಎಂದು ಕೇಳಿದರು. ಸಣ್ಣದಿರುವಾಗ ಕಜ್ಜಿಯಾಗಿತ್ತು ಎಂದೆ. ನನಗೆ ಅಮ್ಮ ಹೇಳಿದ್ದು ಅದೇ. ಮದುವೆಯಾದ ಮೇಲೆ ಜಿತೇಶ್ ಕೇಳಿದಾಗ ಹೇಳಿದ್ದೂ ಅದೇ. ನನ್ನ ಎಡಗಡೆ ಬೆಳೆದದ್ದೇ ಕಡಿಮೆ, ತ್ರಿಶಾ. ಹಾಸ್ಟೆಲಿನಲ್ಲಿ ನಾನು ಚಿಲಕ ಹಾಕಿಯೇ ಬಟ್ಟೆ ಬದಲಾಯಿಸುತ್ತಿದ್ದುದು, ಸೆಕೆಗಾಲದಲ್ಲೂ ಶಾಲು ಪಿನ್ನು ಹಾಕಿ ಹೊದೆಯುತ್ತಿದ್ದುದು ಅದಕ್ಕೇ. ನೀನು ನನಗೆ ನಾಚಿಕೆ ಜಾಸ್ತಿ ಎಂದು ತಮಾಷೆ ಮಾಡುತ್ತಿದ್ದೆ. ಒಂದು ಕಡೆ ಕರ್ಚೀಫು ಮಡಚಿ ಇಟ್ಟುಕೊಂಡು ಹದಿನಾಲ್ಕು ವರ್ಷ ಓಡಾಡಿದ್ದೇನೆ. ಬೆವರಿಗೆ ಅದು ನಾರುತ್ತಿತ್ತು. ಯಾರಿಗೂ ಹೇಳಿಲ್ಲ.

ನರ್ಸು, ಎಷ್ಟು ವರ್ಷದಲ್ಲಿ ಆದದ್ದು ಎಂದು ಕೇಳಿದಾಗ ನಾನು ಅಮ್ಮನ ಕಡೆ ನೋಡಿದೆ. ಅವರು ಮಗುವಿನ ಬಟ್ಟೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಇವನ ಎದೆಯೂ ಊದಿತು. ಜಗಳಕ್ಕೆ ತಯಾರಾಗಿಯೇ ಬಚ್ಚಲಿಗೆ ಹೋಗಿ, ಇವನನ್ನು ಒತ್ತಬಾರದು ಎಂದೆ. ಒತ್ತುವುದಿಲ್ಲ ಎಂದರು ಅಮ್ಮ. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಅನುಮಾನ ಬಂತು. ನಿನ್ನ ಮಗಳಿಗೆ ಆದದ್ದನ್ನು ಆಗ ಹೇಳಿದೆ. ಅಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತರು.

"ನಿನಗೆ ಆಗ ಹನ್ನೆರಡು ದಿನ," ಎಂದರು. "ಒತ್ತಿದ್ದು ನಾನೇ. ಕೀವಾಯ್ತು. ಬಂಟ್ವಾಳಕ್ಕೆ ಕೊಂಡುಹೋಗಿ ಕೊಯ್ಸಿದ್ದು."

ಮತ್ತೆ ಮಾರ್ಚಿನಲ್ಲಿ ಏನೂ ಆಗುವುದಿಲ್ಲ ಎಂದದ್ದು ಯಾಕೆ ಎಂದು ಕೇಳಿದೆ.

"ಎಂತ ಅಂತ ಹೇಳುದು? ಇಪ್ಪತ್ತೇಳು ವರ್ಷ ಯಾರಿಗೂ ಹೇಳ್ಲಿಲ್ಲ. ಹೆಣ್ಣು ಮಗು, ನಾಳೆ ಮದುವೆ ಆಗ್ಬೇಕಲ್ಲ."

ನನ್ನ ಮದುವೆಯಾಗಲಿ ಎಂದು ಮುಚ್ಚಿಟ್ಟದ್ದು ನಿನ್ನ ಮಗಳ ಎದೆಯ ಮೇಲೆ ಬಂದು ಬಿತ್ತು. ಅಮ್ಮನ ಮೇಲೆ ನನಗೆ ಎಷ್ಟು ಅಸಹ್ಯವಾಗಿದೆ ಎಂದು ಬರೆಯಲು ಕನ್ನಡದಲ್ಲಿ ಶಬ್ದ ಸಾಲದು. ಅದೇ ಅಮ್ಮ ದಿನಾ ನನಗೆ ನೀರು ಹೊಯ್ಯುತ್ತಾರೆ, ನನ್ನ ರಕ್ತದ ಬಟ್ಟೆ ಒಗೆಯುತ್ತಾರೆ. ಮಗುವನ್ನು ಮೀಯಿಸುವಾಗ ನಾನು ಪಕ್ಕದಲ್ಲೇ ಸ್ಟೂಲು ಹಾಕಿ ಕೂತು ಅವರ ಬೆರಳುಗಳನ್ನು ಕಾಯುತ್ತೇನೆ. ಅದಕ್ಕೆ ನನ್ನ ಮೇಲೂ ಅಸಹ್ಯ. ನನ್ನ ಒಳಗೇ ಅಸಹ್ಯ ಪಡುವ ಒಂದು ಯಂತ್ರವಿತ್ತು, ಸ್ಟ್ಯಾಂಪು ನೆಕ್ಕಿದ್ದಕ್ಕೆಲ್ಲ ಅದು ಓಡುತ್ತಿತ್ತು. ನಿಜವಾಗಿ ಬೇಕಾದ ದಿನ ನಾನೇ ಅದನ್ನು ನಿಲ್ಲಿಸಿ ನಿನಗೆ ಸಮಾಧಾನ ಬರೆದೆ.

ನಿನ್ನ ಮಗಳಿಗೆ ಮುಂದೆ ಹೀಗೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಆಗಬಹುದು. ಆಗುವುದಿಲ್ಲ ಎಂದು ಯಾರಾದರೂ ನಿನಗೆ ಹೇಳಿದರೆ ನಂಬಬೇಡ. ಆಗಲೇಬೇಕೆಂದಿಲ್ಲ ಎಂದೂ ನೆನಪಿಟ್ಟುಕೋ. ಗೊತ್ತಿರುವ ಇನ್ನೊಂದು ಸಂಗತಿ, ನನ್ನ ಮಗ ಬಲಗಡೆಯ ಹಾಲನ್ನೇ ಕುಡಿದು ನಿನ್ನೆಯ ತೂಕದಲ್ಲಿ ಹುಟ್ಟಿದ ದಿನಕ್ಕಿಂತ ಇನ್ನೂರು ಗ್ರಾಂ ಹೆಚ್ಚಿದ್ದಾನೆ. ಇದು ಸಮಾಧಾನಕ್ಕೆ ಬರೆದದ್ದಲ್ಲ, ಆಶಾ ಕಾರ್ಯಕರ್ತೆ ತೂಗಿ ಹೇಳಿದ್ದು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಪ್ರಾಪ್ತಿ


ಮೂಡುಬಿದಿರೆ
10 ಆಗಸ್ಟ್ 2025

ಪ್ರಾಪ್ತಿ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ನಿನ್ನ ಅಮ್ಮನನ್ನು ಶಪಿಸಿದೆ, ಎರಡನೇ ಸಲ ನಿನ್ನನ್ನು. ಮೂರನೇ ಸಲ ಓದುವಾಗ ಕರ್ಚೀಫಿನ ಹತ್ತಿರ ನಿಂತುಬಿಟ್ಟೆ. ಮೂರು ವರ್ಷ ನಿನ್ನ ಪಕ್ಕದ ಮಂಚದಲ್ಲಿ ಮಲಗಿ ನನಗೆ ಅದು ಗೊತ್ತೇ ಆಗಲಿಲ್ಲವಲ್ಲ.

ಆಸ್ಪತ್ರೆಯ ಗಡಿಬಿಡಿಯಲ್ಲಿ ತಪ್ಪಿದ ನಾಮಕರಣವನ್ನು ಇವತ್ತು ಮಾಡಿದರು. ಚಂದನಾ ಎಂದು ಹೆಸರು. ಅಪ್ಪ ವೇಣೂರಿನಿಂದ ಬಂದಿದ್ದರು. ಅತ್ತೆ ಮಗುವಿಗೆ ಕುತ್ತಿಗೆಯವರೆಗೆ ಗುಂಡಿ ಇರುವ ಅಂಗಿ ಹೊಲಿಸಿದ್ದರು. ಕೂಸಿಗೆ ಇಷ್ಟು ಬಿಗಿ ಅಂಗಿ ಯಾಕೆ ಎಂದು ಒಬ್ಬರು ಕೇಳಿದರು. ಬಾಣಂತಿ ಬಾಯಿ ಕಟ್ಟದೆ ಮಾವಿನಹಣ್ಣು ತಿಂದು ಮಗುವಿಗೆ ಗುಳ್ಳೆಯಾಗಿತ್ತು ಎಂದು ಅತ್ತೆ ಶುರುಮಾಡಿದರು. ಮೂರು ತಿಂಗಳಲ್ಲಿ ಅದನ್ನು ನಾನು ನೂರು ಸಲ ಕೇಳಿದ್ದೇನೆ. ಇವತ್ತು ನನಗೆ ವಾಕರಿಕೆ ಬಂತು. ಮಾವಿನಹಣ್ಣಿನ ಮಾತಿಗಲ್ಲ, ಅದನ್ನು ಕೇಳುತ್ತಾ ತಲೆ ತಗ್ಗಿಸಿ ಕೂತಿದ್ದ ನನಗೆ.

ಮಗುವನ್ನು ಎತ್ತಿಕೊಂಡು ಅಂಗಿಯ ಗುಂಡಿಗಳನ್ನು ಬಿಚ್ಚಿದೆ. ಎಲ್ಲರಿಗೂ ಕಾಣುವ ಹಾಗೆ ಹಿಡಿದೆ.

"ಮಾವಿನಹಣ್ಣು ಅಲ್ಲ," ಎಂದೆ. "ಎದೆ ಒತ್ತಿದ್ದು. ನಾನು ನೋಡ್ತಾ ಕೂತಿದ್ದೆ, ಬೇಡ ಅನ್ಲಿಲ್ಲ."

ಆಮೇಲೆ ಒಬ್ಬ ಹಿರಿಯರು ನನ್ನ ಹತ್ತಿರ ಬಂದು, ಹೇಳಬಾರದಿತ್ತು, ಹೆಣ್ಣು ಮಗು, ನಾಳೆ ಇವಳಿಗೆ ಮದುವೆಯಾಗಬೇಡವಾ ಎಂದು ಮೆಲ್ಲಗೆ ಕೇಳಿದರು. ಮಗುವಿಗೆ ಇನ್ನೂ ನೂರು ದಿನ. ನಿನ್ನ ಅಮ್ಮ ಯಾವ ಬಾಯಿಗಳಿಗೆ ಹೆದರಿದ್ದರು ಎಂದು ಆಗ ನನಗೆ ಗೊತ್ತಾಯಿತು. ಗೊತ್ತಾಯಿತು ಎಂದರೆ ಕ್ಷಮಿಸಿದೆ ಎಂದಲ್ಲ.

ಲೋಲಾಕ್ಷಿಯೂ ಊಟಕ್ಕೆ ಬಂದಿದ್ದಳು, ಹಿಂದಿನ ಜಗಲಿಯಲ್ಲಿದ್ದಳು. ನಾವು ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಅವಳನ್ನು ಬರಬೇಡ ಎಂದಿದ್ದರು. ಬಾಣಂತಿಗೆ ಇನ್ನು ಮೀಯಿಸುವುದು ಬೇಡವಂತೆ ಎಂದಷ್ಟೇ ಅವಳಿಗೆ ಕಾರಣ ಹೇಳಿದ್ದರು. ಸದ್ದು ಕೇಳಿ ಅವಳು ಒಳಗೆ ಬಂದಳು. ಮಗುವನ್ನು ಮುಟ್ಟಲು ಕೈ ಚಾಚಿದಳು. ನಾನು ಹಿಂದೆ ಸರಿದೆ. ಅವಳು ಕೈ ಹಿಂದೆ ತೆಗೆದುಕೊಂಡು, ಬಗ್ಗಿ, ಕಲೆಯನ್ನು ತುಂಬಾ ಹೊತ್ತು ನೋಡಿದಳು.

"ನಲವತ್ತು ವರ್ಷ ಆಯ್ತು ಮಗಾ ಈ ಕೆಲಸ ಮಾಡ್ಲಿಕ್ಕೆ ಹಿಡಿದು," ಎಂದಳು. "ಹೀಗಾಯ್ತು ಅಂತ ಇಷ್ಟರವರೆಗೆ ಒಬ್ರೂ ಬಂದು ಹೇಳ್ಲಿಲ್ಲ."

ಮೂರು ತಿಂಗಳಿಂದ ಅವಳ ಕೈ ನೆನೆದರೆ ನನಗೆ ಹೇಸಿಗೆಯಾಗುತ್ತಿತ್ತು. ಅವಳು ಅಲ್ಲಿಯೇ ನೆಲದ ಮೇಲೆ ಕೂತು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಎಷ್ಟು ಮಕ್ಕಳಿಗೆ ಹೀಗಾಗಿರಬಹುದು ಎಂದು ಅವಳು ನನ್ನನ್ನು ಕೇಳಿದಳು. ನನಗೆ ಗೊತ್ತಿರುವುದು ಎರಡು, ಅದರಲ್ಲಿ ಒಂದು ಅವಳ ಕೈಯದ್ದಲ್ಲ.

ಹೋಗುವ ಮೊದಲು ಅವಳು ಒಂದು ಮಾತು ಹೇಳಿದಳು. ನಾಳೆ ವೇಣೂರಿನಲ್ಲಿ ಒಂದು ಮನೆಗೆ ಹೋಗಲಿಕ್ಕಿದೆಯಂತೆ, ಮಗುವಿಗೆ ಐದನೇ ದಿನ. ತಾನು ಒತ್ತುವುದಿಲ್ಲ ಎಂದರೆ ಅವರು ನಂಬುವುದಿಲ್ಲ, ಮುದುಕಿಗೆ ಕೈಲಾಗುವುದಿಲ್ಲ ಎಂದು ಬೇರೆಯವಳನ್ನು ಕರೆಯುತ್ತಾರೆ, ನೀನು ಬಂದು ಈ ಕಲೆ ತೋರಿಸಿದರೆ ನಂಬಬಹುದು ಎಂದಳು.

ನಾಳೆ ಬೆಳಗ್ಗಿನ ಬಸ್ಸಿಗೆ ಚಂದನಾಳನ್ನು ಎತ್ತಿಕೊಂಡು ಅವಳ ಜೊತೆ ಹೊರಡುತ್ತೇನೆ. ಈಗಷ್ಟೇ ಅತ್ತೆ ಕೋಣೆಗೆ ಬಂದು, ಹೆಣ್ಣು ಮಗುವಿನ ಎದೆಯನ್ನು ಊರೂರು ತೋರಿಸಿಕೊಂಡು ತಿರುಗುತ್ತೀಯಾ ಎಂದು ಕೇಳಿದರು.

ಹೌದು ಎಂದೆ.

ತ್ರಿಶಾ